ಮಗ್ಗಿಯ ಬದಲು ಹುಣಸೆಬೀಜ

ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದ ನನಗೆ ಮಾತು ಮರಳಿತು, ಬಲಗೈ ಮರಳಿತು. ಮಗ್ಗಿ ಮರಳಲಿಲ್ಲ. ಅದು ತಿಳಿದದ್ದು ಎನ್.ಆರ್. ಕಾಲೋನಿಯ ಮನೆಗೆ ಬಂದ ಮೇಲೆ, ಹಾಲು ಕಾಯಿಸುತ್ತ ನಿಂತಿದ್ದಾಗ. ಅಭ್ಯಾಸದಂತೆ ಏಳರ ಮಗ್ಗಿ ಬಾಯಿಗೆ ಬಂತು. ‘ಏಳ್ನಾಕ್ಲೆ’ ಎಂಬಲ್ಲಿ ನಿಂತುಹೋಯಿತು. ಮರೆತ ಹೆಸರು ಎಲ್ಲೋ ಹತ್ತಿರದಲ್ಲೇ ಇದೆ ಅನ್ನಿಸುತ್ತದಲ್ಲ, ಹಾಗನ್ನಿಸಲಿಲ್ಲ. ಅಲ್ಲಿ ಏನೂ ಇರಲಿಲ್ಲ.

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಮಗ್ಗಿ ಬಾರದ ಗಣಿತದ ಮಿಸ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ? ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಇರುವವಳು ನಾನೊಬ್ಬಳೇ. ಕೆಲಸಕ್ಕೆ ಮರಳಿದ ದಿನ ಹೆಡ್‌ಮಿಸ್ ಬಳಿ, ಇನ್ನು ಬಾಯಿಪಾಠದ ಬದಲು ಆಟ ಆಡಿಸುತ್ತೇನೆ ಎಂದೆ.

“ರೆಸ್ಟ್ ತಗೊಂಡು ಹೊಸ ಐಡಿಯಾ ತಂದಿದೀರಲ್ರೀ! ಉಳಿದೋರ್ಗೂ ಸ್ವಲ್ಪ ರೆಸ್ಟ್ ಕೊಡಿಸ್ಬೇಕು,” ಎಂದು ಅವರು ನಕ್ಕರು.

ಆಟ ಇಷ್ಟೇ. ಒಂದು ತಂಡ ಒಂದಷ್ಟು ಹುಣಸೆಬೀಜ ಎಣಿಸಿ ಇಡುತ್ತದೆ. ಇನ್ನೊಂದು ತಂಡ ಅವನ್ನು ಸಮನಾದ ಸಾಲುಗಳಲ್ಲಿ ಜೋಡಿಸಬೇಕು. ಎಷ್ಟು ಬಗೆಯೋ ಅಷ್ಟು ಪಾಯಿಂಟು. ಹನ್ನೆರಡು ಬೀಜ ಎರಡು ಸಾಲಾಗಿ ಕೂರುತ್ತವೆ, ಮೂರಾಗಿ, ನಾಲ್ಕಾಗಿ, ಆರಾಗಿಯೂ ಕೂರುತ್ತವೆ. ಐದು ಸಾಲು ಮಾಡಿದರೆ ಎರಡು ಮಿಗುತ್ತವೆ. ಐದು ಹನ್ನೆರಡರ ಅಪವರ್ತನವಲ್ಲ ಎಂಬುದು ಮಕ್ಕಳಿಗೆ ಕಣ್ಣಿಗೇ ಕಾಣುತ್ತಿತ್ತು. ನನಗೂ ಅಷ್ಟೇ. ಉತ್ತರ ನೆಲದ ಮೇಲಿರುತ್ತಿತ್ತು, ನಾನು ನೋಡಿದರೆ ಸಾಕಿತ್ತು.

ಒಂದು ದಿನ ಹುಡುಗಿಯೊಬ್ಬಳು ಐವತ್ತೊಂದು ಬೀಜ ಇಟ್ಟಳು. ಎದುರು ತಂಡದ ಹುಡುಗ ಎಲ್ಲವನ್ನೂ ಒಂದೇ ಉದ್ದ ಸಾಲು ಮಾಡಿ ಎದ್ದುನಿಂತ.

“ಇಷ್ಟೇ. ಐವತ್ತೊಂದು ಯಾವ ಮಗ್ಗೀಲೂ ಬರಲ್ಲ.”

“ನಿಂಗೆ ಹತ್ತರ ತನಕ ಬಂದ್ರೆ ಪ್ರಪಂಚದ ಮಗ್ಗಿ ಎಲ್ಲಾ ಅಲ್ಲಿಗೇ ಮುಗ್ದೋಯ್ತಾ ಗುರು? ಹದಿನೇಳರಲ್ಲಿ ಬರುತ್ತೆ, ನೋಡ್ಕೋ.”

“ಬಿಡೇ, ಬಿಲ್ಡಪ್ಪು! ಮಿಸ್, ನೀವೇ ಹೇಳಿ.”

“ಜೋಡಿಸಿ ನೋಡಿ,” ಎಂದೆ.

“ಯಾವಾಗ್ಲೂ ಅದನ್ನೇ ಹೇಳ್ತೀರ,” ಎಂದಳು ಹುಡುಗಿ.

ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಎಲ್ಲರೂ ಓಡಿದರು. ಅವಳೊಬ್ಬಳು ಕೂತು ಬೀಜಗಳನ್ನು ಮೂರು ಸಾಲಾಗಿ ಹಂಚತೊಡಗಿದಳು. ನಾನೂ ನೆಲದ ಮೇಲೆ ಕೂತೆ.

“ನಿಮ್ಗೆ ಗೊತ್ತಿತ್ತು ಅಲ್ವಾ ಮಿಸ್?”

“ಗೊತ್ತಿರ್ಲಿಲ್ಲ ಪುಟ್ಟಿ. ನಂಗೆ ಮಗ್ಗಿ ಎಲ್ಲಾ ಹೊರಟೋಗಿದೆ.”

ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

“ಹಂಗಾದ್ರೆ ನಮ್ ಟೀಮಿಗೆ ಬರ್ಲೇಬೇಡಿ ಮಿಸ್, ಸೋತೋಗ್ತೀವಿ!”

ಕೊನೆಯ ಬೀಜ ಇಟ್ಟು, ಊಟದ ಡಬ್ಬಿ ಹಿಡಿದು ಹೊರಗೆ ಓಡಿದಳು. ನಾನು ಸಾಲುಗಳನ್ನು ಒಂದೊಂದಾಗಿ ಎಣಿಸಿದೆ. ಮೂರರಲ್ಲೂ ಹದಿನೇಳಿತ್ತು. ಅವಳು ಹೇಳಿದ್ದೇ ಸರಿ ಎನ್ನಲು ಬಾಗಿಲಿಗೆ ಬಂದೆ.

“ಮಿಸ್ಸಿಗೆ ಮಗ್ಗಿ ಬರಲ್ವಂತೆ ಕಣ್ರೋ!” ಎಂದು ಅವಳು ಅಂಗಳದಲ್ಲಿ ಕೂಗುತ್ತಿದ್ದಳು. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರೂ ನಂಬಿರಲಿಲ್ಲ. ವರಾಂಡದಲ್ಲಿದ್ದ ಹೆಡ್‌ಮಿಸ್ ಕೂಡ ನಕ್ಕು, ನನ್ನತ್ತ ಕೈ ಬೀಸಿದರು.

ನಾನೂ ಕೈ ಬೀಸಿದೆ.