ಬಾಲಕ್ಕೆ ಕಟ್ಟಿದ ಲಿಂಬಿಕಾಯಿ

ಹುಮನಾಬಾದಿನಲ್ಲಿ ನಮ್ಮ ಮಗ್ಗಲ ಮನೆಯ ರೇಡಿಯೋ ರಿಪೇರಿಯವರು ಕೈಗೆ ಸಿಕ್ಕಿದ್ದನ್ನೆಲ್ಲ, ಚಮಚ, ಛತ್ರಿ, ಕಡೆಗೆ ನನ್ನ ಕನ್ನಡಕವನ್ನೂ, ಎರಡು ಬೆರಳ ಮೇಲೆ ತೂಗಿ ನೋಡುತ್ತಿದ್ದರು. "ತೂಕ ಮೊದಲ್ರಿ, ಮಾತು ಆಮ್ಯಾಲ" ಎನ್ನುತ್ತಿದ್ದರು.

ಹೈದರಾಬಾದಿನ ಗುಜರಿಯಿಂದ ಮುರುಕು ವಿಮಾನವೊಂದನ್ನು ತಂದಿದ್ದರು. ನೆಲದ ಮೇಲೆ ನಿಂತು ರೇಡಿಯೋದಿಂದ ಹಾರಿಸುವ ಸಣ್ಣ ವಿಮಾನ. ವರ್ಷಗಟ್ಟಲೆ ಕೂತು ಅದನ್ನು ಸರಿಮಾಡಿದರು. ಮೊದಲ ಸಲ ಹಾರಿಸಲು ಘಾಟಬೋರಾಳದ ಜೋಳ ಕೊಯ್ದ ಹೊಲಕ್ಕೆ ಹೋದೆವು. ಚೀಲದಿಂದ ತೆಗೆದರೆ, ದೃಷ್ಟಿಯಾಗಬಾರದೆಂದು ಅವರ ಹೆಂಡತಿ ಬಾಲಕ್ಕೆ ಲಿಂಬಿಕಾಯಿ ಕಟ್ಟಿದ್ದರು! ಬೆರಳ ಮೇಲಿಟ್ಟರೆ ವಿಮಾನ ಹಿಂದಕ್ಕೆ ವಾಲಿತು.

"ಬಿಚ್ಚಿ ಒಗೀರಿ, ಇಲ್ಲಂದ್ರ ಬೀಳ್ತದ" ಎಂದೆ ಸಿಟ್ಟಿನಿಂದ.

"ಅಕಿ ಕಟ್ಯಾಳ್ರಿ" ಎಂದಷ್ಟೇ ಹೇಳಿ, ಮೂತಿಗೆ ಸೀಸದ ತುಂಡು ಅಂಟಿಸಿ ಮತ್ತೆ ತೂಗಿದರು. ವಿಮಾನ ಲಿಂಬಿಕಾಯಿ ಸಮೇತ ಏರಿತು.

ಮುಂದೆ ವಾರವಾರವೂ ಲಿಂಬಿಕಾಯಿ ಒಣಗಿ ಹಗುರಾದಂತೆ, ಅವರು ಸೀಸವನ್ನೂ ಅಷ್ಟಷ್ಟೇ ಕೆರೆಯುತ್ತ ಹೋದರು.