ಮುದ್ದಣ್ಣನವರ ಕೈ ನಿಲ್ಲುತ್ತಿದ್ದ ಜಾಗ

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಶಂಕರಪುರದ ಮನೆಯೊಂದರ ಹಿಂಬದಿಯ ಕೋಣೆಗೆ ಬಾಗಿಲು ಎಳೆದುಕೊಂಡಿದೆ. ಒಳಗೆ ಯಾರೂ ಇಲ್ಲ. ಆದರೂ ಅಲ್ಲಿಂದ ವಿಮಾನದ ಎಂಜಿನ್ನಿನ ಸದ್ದು ಕೇಳುತ್ತಿದೆ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹೆಗಲಿಗೆ ವೈರುಗಳ ಚೀಲ ಹಾಕಿಕೊಂಡ ಫಸೀಲಾ ಬಾಗಿಲಿಗೆ ಕಿವಿಕೊಟ್ಟು ನಿಂತಿದ್ದಾರೆ. ಸುಳ್ಳೇಕೆ ಹೇಳಲಿ, ಅವರ ಕೆಲಸದ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನಾನು ಉಡುಪಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೇನೆ.

"ಹೆದರಬೇಡಿ ಸರ್," ಎನ್ನುತ್ತಾರೆ ಫಸೀಲಾ. ಬಾಗಿಲು ತಟ್ಟುತ್ತಾರೆ. ಒಳಗಿರುವವರಿಗೆ ಎದ್ದು ಸರಿಯಲು ಸಮಯ ಕೊಡುವ ಹಾಗೆ ಸ್ವಲ್ಪ ಕಾದು, ಆಮೇಲೆ ತಳ್ಳುತ್ತಾರೆ.

ಒಳಗೆ ಪ್ಲೈವುಡ್ಡಿನಲ್ಲಿ ಕಟ್ಟಿದ ಕಾಕ್‌ಪಿಟ್. ಮುಂದೆ ದೊಡ್ಡ ಪರದೆ, ಅದರಲ್ಲಿ ರನ್‌ವೇ ಮೇಲೆ ನಿಂತ ವಿಮಾನ. ಸಾಲು ಸಾಲು ಸ್ವಿಚ್ಚುಗಳ ನಡುವೆ ಹಲಸಿನ ಮರದ ಒಂದು ಹಿಡಿ. ಎಂಜಿನ್ನಿಗೆ ವೇಗ ಕೊಡುವುದು ಅದೇ. ಹಿಡಿ ಅಲುಗುತ್ತಿಲ್ಲ, ಸದ್ದು ಮಾತ್ರ ಏರುತ್ತಿದೆ. ಪೈಲಟ್ ಕುರ್ಚಿ ಖಾಲಿ. ಕೋಣೆಯ ತುಂಬ ಮಲ್ಲಿಗೆಯ ವಾಸನೆ.

ಕಾಪುವಿನ ಫಸೀಲಾ ಮಾಡುವ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಹೆಸರಿಲ್ಲ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಹುಚ್ಚು ಹತ್ತಿದವರು ಮನೆಯಲ್ಲೇ ಕಾಕ್‌ಪಿಟ್ ಕಟ್ಟಿಕೊಳ್ಳುತ್ತಾರೆ. ಮರ ಕೊಯ್ಯುತ್ತಾರೆ, ಬಣ್ಣ ಬಳಿಯುತ್ತಾರೆ, ಸ್ವಿಚ್ಚು ಕೂರಿಸುತ್ತಾರೆ. ಆಮೇಲೆ ಯಾವ ವೈರು ಎಲ್ಲಿಗೆ ಎಂದು ತಿಳಿಯದೆ ತಲೆಮೇಲೆ ಕೈಹೊತ್ತು ಕೂರುತ್ತಾರೆ. ಆಗ ಫಸೀಲಾಗೆ ಫೋನು ಹೋಗುತ್ತದೆ. ಕಾರ್ಕಳದ ದಂತವೈದ್ಯರೊಬ್ಬರು ಕಾರನ್ನು ಮಳೆಗೆ ಬಿಟ್ಟು ಗ್ಯಾರೇಜಿನಲ್ಲಿ ವಿಮಾನ ಇಟ್ಟುಕೊಂಡಿದ್ದಾರಂತೆ! ಅದರ ವೈರಿಂಗೂ ಇವರದ್ದೇ.

ಅಣ್ಣನ ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕಲಿತವರು ಇವರು. ಮಣಿಪಾಲದ ವಿದ್ಯಾರ್ಥಿ ಬ್ರ್ಯಾಂಡನ್ ಒಂದು ದಿನ ಪೆಟ್ಟಿಗೆ ತುಂಬ ಸ್ವಿಚ್ಚು ತಂದು ಮೇಜಿನ ಮೇಲೆ ಸುರಿದ. "ನಾನು ಇಲ್ಲಿ ಒತ್ತಿದೆ, ಅಲ್ಲಿ ಪರದೆಯಲ್ಲಿ ವಿಮಾನದ ಚಕ್ರ ಇಳಿಯಿತು. ಮೈ ಜುಂ ಅಂತು ಸರ್," ಎನ್ನುತ್ತಾರೆ ಫಸೀಲಾ. ಅಂದಿನಿಂದ ನಸುಕಿನ ಸುಬಹಿ ನಮಾಜು ಮುಗಿಸಿ, ಮನೆ ಏಳುವ ಮೊದಲು ಹಿಂದಿನ ಚಾವಡಿಯಲ್ಲಿ ಬೆಸುಗೆ ಹಾಕಲು ಕೂರುತ್ತಾರೆ. ಗಂಡ ನಜೀಬ್ ಶಾರ್ಜಾದಲ್ಲಿ. ಅತ್ತೆ ಕುಂಞಿಪಾತುಮ್ಮ ಮಾತ್ರ ಇನ್ನೂ ಒಪ್ಪಿಲ್ಲ. "ಮಿಕ್ಸಿ ರಿಪೇರಿ ಮಾಡಿದರೆ ನಾಲ್ಕು ಜನಕ್ಕೆ ಉಪಕಾರ. ನೆಲ ಬಿಡದ ವಿಮಾನಕ್ಕೆ ಎಂತಕ್ಕೆ ವೈರು?" ಎಂದು ನನ್ನೆದುರೇ ಕೇಳಿದರು. ನಾನು ಚಾ ಕುಡಿದೆ.

ಶಂಕರಪುರದ ಈ ಕಾಕ್‌ಪಿಟ್ ಮುದ್ದಣ್ಣ ಎಂಬವರದ್ದು. ಗಲ್ಫಿನ ವಿಮಾನ ನಿಲ್ದಾಣವೊಂದರಲ್ಲಿ ಲಗೇಜು ಗಾಡಿ ಓಡಿಸಿದವರು. ವಿಮಾನವನ್ನು ಸದಾ ಹೊಟ್ಟೆಯ ಕಡೆಯಿಂದಲೇ ನೋಡಿದ್ದೇನೆ ಎನ್ನುತ್ತಿದ್ದರಂತೆ. ಊರಿಗೆ ಬಂದು, ಹೆಂಡತಿ ಕುಶಲಾ ಮಲ್ಲಿಗೆ ಕಟ್ಟುವ ಕೋಣೆಯಲ್ಲೇ ಇದನ್ನು ಕಟ್ಟಿದರು. ಅಷ್ಟರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ವೇಗದ ಹಿಡಿಯನ್ನು ಅವರ ಕೈ ಅರ್ಧ ದಾರಿಗಷ್ಟೇ ದೂಡುತ್ತಿತ್ತು. "ಅರ್ಧಕ್ಕೆ ಬಂದರೆ ಪೂರ್ತಿ ಬಂತು ಅಂತ ತಿಳಿ, ಹಾಗೆ ಕಂಪ್ಯೂಟರಿಗೆ ಕಲಿಸಿಕೊಟ್ಟೆ. ವಿಮಾನ ಎದ್ದಿತು. ಅವರು ಅತ್ತುಬಿಟ್ಟರು ಸರ್," ಎಂದು ಫಸೀಲಾ ನೆನೆಯುತ್ತಾರೆ.

ಮುದ್ದಣ್ಣ ಹೋದ ವರ್ಷ ತೀರಿಕೊಂಡರು. ಈ ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಬಡಿಸುವ ದಿನ ಕುಶಲಾ ಇದೇ ಕೋಣೆಯಲ್ಲಿ ಎಲೆ ಹಾಕಿದರು. ತೀರಿಕೊಂಡವರಿಗೆ ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುವುದು, ಮತ್ತೆ ತಟ್ಟಿಯೇ ಒಳಹೋಗುವುದು ತುಳುವರ ಕ್ರಮ. "ಕೋರಿ ರೊಟ್ಟಿ ಬಡಿಸಿದೆ. ಅವರಿಗೆ ಇಷ್ಟ ಅಲ್ವಾ ಅಂತ ಕಂಪ್ಯೂಟರನ್ನೂ ಹಾಕಿಟ್ಟೆ. ಬಾಗಿಲು ಎಳೆದದ್ದೇ, ಒಳಗೆ ಎಂಜಿನ್ ಶುರು," ಎನ್ನುತ್ತಾರೆ ನಮ್ಮ ಹಿಂದೆಯೇ ಒಳಬಂದ ಕುಶಲಾ. ಆ ದಿನದಿಂದ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗಲೆಲ್ಲ ಹೀಗೆಯೇ, ಇವತ್ತೂ.

ಫಸೀಲಾ ಹಿಡಿಯ ಕೆಳಗಿನ ಹಲಗೆ ಬಿಚ್ಚಿ, ಕೀಲಿನಲ್ಲಿದ್ದ ಪುಟ್ಟ ಭಾಗವೊಂದನ್ನು ತೋರಿಸುತ್ತಾರೆ. ಹಳೆಯ ರೇಡಿಯೋದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪಿನೊಳಗೆ ಇರುವಂಥದ್ದೇ. ಮಳೆಗಾಲದ ತೇವಕ್ಕೆ ಒಳಗೆ ತುಕ್ಕು ಹಿಡಿದಿದೆ. "ಬೆಳಗಿನ ತಂಪಿಗೆ ಇದು ಸುಮ್ಮಸುಮ್ಮನೆ ತಪ್ಪು ಲೆಕ್ಕ ಕೊಡ್ತದೆ. ಅರ್ಧವನ್ನೇ ಪೂರ್ತಿ ಅಂತ ಕಲಿಸಿದ್ದಲ್ವಾ, ಹಾಗಾಗಿ ಸಣ್ಣ ತಪ್ಪೂ ದೊಡ್ಡದಾಗಿ ಕೇಳ್ತದೆ." ನನಗೆ ಜೀವ ಬಂದಂತಾಗುತ್ತದೆ. ಕುಶಲಾ ಅವರ ಮುಖ ಮಾತ್ರ ಬಾಡುತ್ತದೆ.

"ಹೊಸತು ಹಾಕಿದರೆ?"

"ಹಳೆಯ ಲೆಕ್ಕ ಹೋಗ್ತದೆ ಕುಶಲಕ್ಕ. ಎಲ್ಲಿಂದ ಎಲ್ಲಿಯವರೆಗೆ ಅಂತ ಹಿಡಿ ದೂಡಿ ಹೊಸದಾಗಿ ತೋರಿಸಬೇಕು."

"ಹಾಗಾದರೆ ಅವರ ಕೈ ಹೋಗ್ತದಲ್ವಾ?" ಕುಶಲಾ ಹಿಡಿಯ ಮೇಲೆ ಅಂಗೈ ಮುಚ್ಚುತ್ತಾರೆ. "ಬೇಡ ಮಾರಾಯ್ತಿ. ಸದ್ದು ಬಂದರೆ ಬರಲಿ. ಈ ಮನೆಯಲ್ಲಿ ಅವರದ್ದು ಅಂತ ಉಳಿದದ್ದು ಇದೊಂದು."

ಫಸೀಲಾ ಬಿಚ್ಚಿದ ಹಲಗೆಯನ್ನು ಗೋಡೆಗೆ ಒರಗಿಸುತ್ತಾರೆ. ಎಂಜಿನ್ ಒಮ್ಮೆ ಗುಡುಗಿ ತಣ್ಣಗಾಗುತ್ತದೆ. ಕಾರಣ ಗೊತ್ತಾದ ಮೇಲೂ ನನ್ನ ಹೆದರಿಕೆ ಹೋಗಿಲ್ಲ ನೋಡಿ!

"ಹೊಸದಾಗಿ ತೋರಿಸುವುದು ನಾನಲ್ಲ, ನೀವು," ಎನ್ನುತ್ತಾರೆ ಫಸೀಲಾ. "ದಿನಾ ಅವರ ಕೈಯ ಮೇಲೆ ಕೈಯಿಟ್ಟು ದೂಡಿಸಿದ್ದು ನೀವಲ್ವಾ?"

ಹೊಸ ಭಾಗ ಕೂರುತ್ತದೆ. ಬೆಸುಗೆಯ ಹೊಗೆ ಮಲ್ಲಿಗೆಯ ವಾಸನೆಯೊಳಗೆ ಸೇರುತ್ತದೆ. ಕುಶಲಾ ಖಾಲಿ ಕುರ್ಚಿಯಲ್ಲಿ ಕೂರುವುದಿಲ್ಲ. ಎಂದಿನಂತೆ ಅದರ ಪಕ್ಕ ನಿಂತು, ಕಣ್ಣು ಮುಚ್ಚಿ ಹಿಡಿಯನ್ನು ನಿಧಾನ ದೂಡುತ್ತಾರೆ. ಒಂದು ಕಡೆ ನಿಲ್ಲಿಸುತ್ತಾರೆ.

"ಇನ್ನೂ ಸ್ವಲ್ಪ?" ಫಸೀಲಾ ಕೇಳುತ್ತಾರೆ.

"ಇಲ್ಲ. ಇಷ್ಟೇ. ಇಲ್ಲಿಗೆ ನಿಲ್ತಿತ್ತು."

ನಾನು ಬಗ್ಗಿ ನೋಡುತ್ತೇನೆ. ಹಿಡಿ ಸರಿಯುವ ಸೀಳಿನ ಅಂಚಿನಲ್ಲಿ, ಹೆಬ್ಬೆರಳಿನ ಬೆವರು ತಾಗಿ ತಾಗಿ ಮರ ಕಪ್ಪಾಗಿದೆ. ಆ ಕಪ್ಪು ಮುಗಿಯುವ ಜಾಗಕ್ಕೆ ಸರಿಯಾಗಿ ಹಿಡಿ ಬಂದು ನಿಂತಿದೆ. ಅದಕ್ಕೂ ಮುಂದಿನ ಮರ ಹೊಸದರಂತೆ ಬೆಳ್ಳಗಿದೆ. ಫಸೀಲಾ ಅದನ್ನೇ ಪೂರ್ತಿ ಎಂದು ಕಂಪ್ಯೂಟರಿಗೆ ಕಲಿಸುತ್ತಾರೆ. ಹಿಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಎಂಜಿನ್ ಹದಕ್ಕೆ ಬರುತ್ತದೆ, ಮತ್ತೆ ಏರುವುದಿಲ್ಲ.

"ಇನ್ನು ತನ್ನಷ್ಟಕ್ಕೆ ಸದ್ದು ಏರುವುದಿಲ್ಲ ಅಲ್ವಾ?" ಕುಶಲಾ ಕೇಳುತ್ತಾರೆ.

"ಏರುವುದಿಲ್ಲ ಕುಶಲಕ್ಕ."

"ಹಾಗಾದರೆ ಏರಿದ ದಿನ ಅವರೇ," ಎಂದು ಕುಶಲಾ ಸಮಾಧಾನದಿಂದ ಬಾಗಿಲು ಎಳೆದುಕೊಂಡು, ಮಲ್ಲಿಗೆ ಕಟ್ಟಲು ಬಾಳೆನಾರು ಹುಡುಕುತ್ತಾ ಜಗಲಿಗೆ ಹೋಗುತ್ತಾರೆ.

ರಸ್ತೆಗೆ ಬಂದ ಮೇಲೆ ನನಗೆ ಫಸೀಲಾರನ್ನು ಕೇಳದೆ ಇರಲಾಗುವುದಿಲ್ಲ. ಮುಂದಿನ ಆಟಿಯಲ್ಲಿ ಬಾಗಿಲು ಎಳೆದ ಮೇಲೆ ಸದ್ದು ಏರಿದರೆ ಏನು ಹೇಳುತ್ತೀರಿ? ತೇವ ಎನ್ನುತ್ತೀರೋ, ತುಕ್ಕು ಎನ್ನುತ್ತೀರೋ?

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಇದು ನಾನು ಮಾಡಿದ ಕೆಲಸ ಸರ್. ಯಾರಾದರೂ ಕೈಯಿಡದೆ ಏರುವುದಿಲ್ಲ."