ಮೊದಲನೇ ಕ್ಲಾಸಿನ ಒಬ್ದುಲಿಯಾ

ನಾಲ್ಕು ವರ್ಷದಿಂದ ಒಬ್ದುಲಿಯಾ ನನ್ನ ಇಂಗ್ಲಿಷಿನ ಮೊದಲನೇ ಕ್ಲಾಸಿನಲ್ಲೇ ಕೂತಿದ್ದಳು. ಮೆಕ್ಸಿಕೋದ ನಮ್ಮ ನೊಗಾಲೆಸ್ ಊರಿನ ಗಡಿಬೇಲಿಗೆ ಹತ್ತಿರದ ಚರ್ಚಿನ ಹಿಂದಿನ ಕೋಣೆಯಲ್ಲಿ ಮಂಗಳವಾರ, ಗುರುವಾರ ಸಂಜೆ ಈ ಪಾಠ. ಸೋಮವಾರ, ಬುಧವಾರ ಎರಡನೇ ಕ್ಲಾಸು. ಅವಳ ಜೊತೆ ಸೇರಿದವರೆಲ್ಲ ಎರಡನ್ನೂ ಮುಗಿಸಿ ಹೋದರು. ಇವಳು ಮಾತ್ರ ಪ್ರತಿ ಪರೀಕ್ಷೆಯಲ್ಲೂ ಡುಮ್ಕಿ.

ಸ್ಪ್ಯಾನಿಷ್ ಮಾತಾಡುವ ನಾವು ಎಲ್ಲಿ ಎಡವುತ್ತೇವೆಂಬುದು ನನಗೆ ಬಾಯಿಪಾಠ. ನಮ್ಮಲ್ಲಿ ಬದುಕು, ಪ್ರೀತಿ ಎಂಬ ಪದಗಳಿಗೂ ಮುಂಚೆ ಇಂಗ್ಲಿಷಿನ 'ದಿ'ಯಂಥ ಒಂದು 'ಲಾ' ಅಥವಾ 'ಎಲ್' ಇರಲೇಬೇಕು. ಆ ಚಾಳಿಯಲ್ಲಿ ಇಂಗ್ಲಿಷಿನಲ್ಲೂ ಕಂಡಕಂಡದ್ದಕ್ಕೆ 'ದಿ' ಅಂಟಿಸುತ್ತೇವೆ, ಬೇಕಾದ ಕಡೆ 'ಎ' ನುಂಗುತ್ತೇವೆ. ನೆಂಟರಂತೆ ಕಂಡು ಕೈಕೊಡುವ ಪದಗಳು ಬೇರೆ. ನಮ್ಮ 'ಕಾರ್ಪೆತಾ' ಕಾಗದ ಇಡುವ ಫೈಲು, ಅವರ 'ಕಾರ್ಪೆಟ್' ನೆಲಕ್ಕೆ ಹಾಸುವುದು. ನಮ್ಮ 'ರೋಪಾ' ಬಟ್ಟೆ, ಅವರ 'ರೋಪ್' ಹಗ್ಗ. ಎಲ್ಲರೂ ಕೆಲವೇ ವಾರಗಳಲ್ಲಿ ತಿದ್ದಿಕೊಳ್ಳುತ್ತಾರೆ. ಒಬ್ದುಲಿಯಾ ಮಾತ್ರ ತನ್ನ ಇಂಗ್ಲಿಷಿನಲ್ಲಿ ಹಗ್ಗ ಒಗೆದು ಒಣಹಾಕುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಬಾಯಿಗೆ ಬಂದಂತೆ ಬೈಯುತ್ತಿದ್ದೆ. ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ಹೊಲಿಗೆ ಯಂತ್ರ ತುಳಿದು ರೂಢಿಯಾದ ಕಾಲು ಬೆಂಚಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು.

ಅವಳ ಗಂಡ ಫೆರ್ಮಿನ್‌ದು ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಅಂಗಡಿ; ಇವಳೂ ಅಲ್ಲೇ ಹೊಲಿಯುವುದು. ಬೇಲಿಯಾಚೆಯ ಅಮೆರಿಕದವರು ಅಗ್ಗವೆಂದು ಅಲ್ಲಿಗೆ ಕಾರು ತರುತ್ತಾರೆ. ಗಿರಾಕಿಗಳ ಜೊತೆ ಮಾತಾಡಲು ಒಂದು ಕ್ಲಾಸು ಮುಗಿಸಿದರೆ ಸಾಕು, ಆಮೇಲೆ ಸಂಜೆ ಮನೆಯಲ್ಲಿರಲಿ ಎಂದು ಅವನೇ ಕಳಿಸಿದ್ದ.

ಒಂದು ದಿನ ನನ್ನ ಕಾರಿನ ಸೀಟು ಹರಿಯಿತೆಂದು ಅಲ್ಲಿಗೆ ಹೋದೆ. ಫೆರ್ಮಿನ್ ಚರ್ಮ ತರಲು ಹೋಗಿದ್ದ. ಒಳಗೆ ಒಬ್ದುಲಿಯಾ ಬೇಲಿಯಾಚೆಯ ಮುದುಕನೊಬ್ಬನೊಡನೆ ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಿದ್ದಳು. ಒಂದು 'ಎ' ತಪ್ಪಲಿಲ್ಲ, ಒಂದು 'ದಿ' ಹೆಚ್ಚಾಗಲಿಲ್ಲ. ಅವನ ಬಾಯಿ ಮುಚ್ಚಿಸಿ ತಿರುಗಿದವಳು ನನ್ನನ್ನು ಕಂಡು ಬಿಳಿಚಿಕೊಂಡಳು.

"ಪಾಸ್ ಮಾಡ್ಬಿಡಬೇಡಿ ಟೀಚರಮ್ಮ," ಎಂದಳು. "ಪಾಸಾದ್ರೆ ಮುಗೀತು. ಬೆಳಗಾದ್ರೆ ಒಬ್ದುಲಿಯಾ ಕತ್ತರಿ, ಒಬ್ದುಲಿಯಾ ಕಾಫಿ, ಒಬ್ದುಲಿಯಾ ನನ್ನ ಕನ್ನಡಕ ಎಲ್ಲಿ. ಫೆರ್ಮಿನ್ ಒಳ್ಳೆ ಮನುಷ್ಯ, ಒಂದೇಟು ಹೊಡೆದೋನಲ್ಲ. ಆದ್ರೆ ಬಾಯಿ ನಿಲ್ಲಲ್ಲ. ಆ ಎರಡು ಸಂಜೆ ಇಲ್ದಿದ್ರೆ ನಂಗೆ ಹುಚ್ಚು ಹಿಡಿಯುತ್ತೆ."

ಎಲ್ಲರಿಗಿಂತ ಮುಂಚೆ ಬಂದು, ಖಾಲಿ ಕೋಣೆಯಲ್ಲಿ ಬೆಲ್ಲ ತುಂಬಿದ ರೊಟ್ಟಿ ಮುರಿದು ತಿನ್ನುತ್ತಾ ಅವಳು ಸುಮ್ಮನೆ ಕೂರುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಅವಳ ತಪ್ಪುಗಳಿಗೆ ಮೊದಲಿನಂತೆಯೇ ಬೈಯುತ್ತಾ ಹೋದೆ, ಆದರೆ ಗುಟ್ಟು ಎಲ್ಲಿ ಹೊರಬೀಳುತ್ತದೋ ಎಂದು ನನಗೂ ನೆಮ್ಮದಿ ಇರಲಿಲ್ಲ.

ಮೊನ್ನೆ ಹಳಬರಿಗೆ ಬಾಯಿ ಪರೀಕ್ಷೆ ಮಾಡಿ, ಆಮೇಲೆ ಹೊಸಬರಿಗೆ ಪಾಠ ಶುರು ಮಾಡಬೇಕಿತ್ತು. ಬಾಗಿಲಲ್ಲಿ ಫೆರ್ಮಿನ್! ಇಸ್ತ್ರಿ ಅಂಗಿ, ನೀಟಾಗಿ ಬಾಚಿದ ಕೂದಲು. ಹೆಂಡತಿ ಒಬ್ಬಳೇ ಒದ್ದಾಡುವುದನ್ನು ನೋಡಲಾಗುತ್ತಿಲ್ಲ, ತಾನೂ ಸೇರುತ್ತೇನೆ, ಪಕ್ಕದಲ್ಲೇ ಕೂತು ಇಬ್ಬರೂ ಒಟ್ಟಿಗೆ ಕಲಿಯುತ್ತೇವೆ ಎಂದ. ಹೇಳಿದ್ದೇ ತಡ, ಅವಳ ಬೆಂಚಿನಲ್ಲಿ ಒತ್ತರಿಸಿ ಕೂತ. ಒಬ್ದುಲಿಯಾಳ ಕಾಲು ಗಕ್ಕನೆ ನಿಂತಿತು. ಪಾಸಾದರೆ ಮನೆ, ಫೇಲಾದರೆ ಪಕ್ಕದಲ್ಲೇ ಅವನು; ಆ ಎರಡು ಸಂಜೆ ಹೇಗೂ ಹೋಯಿತು.

ಅವಳು ಎದ್ದು ನೇರ ನನ್ನ ಮೇಜಿಗೆ ಬಂದಳು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಹುಡುಕಿದರೂ ಒಂದು ತಪ್ಪಿಲ್ಲ. ಫೆರ್ಮಿನ್ ಚಪ್ಪಾಳೆ ತಟ್ಟಿ, ಮುಗೀತಲ್ಲ, ಹಾಗಾದರೆ ಇಬ್ಬರೂ ಮನೆಗೆ ಹೋಗೋಣ ಎಂದು ಏಳಹೊರಟ.

"ಕೂತ್ಕೋ ಮಾರಾಯ," ಎಂದಳು ಒಬ್ದುಲಿಯಾ. "ಇಷ್ಟು ಜನರ ಮುಂದೆ ಸೇರ್ತೀನಿ ಅಂದು ಎದ್ದು ಹೋದ್ರೆ ಏನಂದಾರು? ನಿಂದು ಮಂಗಳವಾರ, ಗುರುವಾರ. ನಾನು ಸೋಮವಾರ, ಬುಧವಾರ ಎರಡನೇ ಕ್ಲಾಸಿಗೆ ಬರ್ತೀನಿ. ಗಂಡ ಓದ್ತಿರುವಾಗ ಹೆಂಡ್ತಿ ಬಿಟ್ಟುಬಿಟ್ರೆ ಚೆನ್ನಾಗಿರಲ್ಲ."

ಕ್ಲಾಸೆಲ್ಲ ಘೊಳ್ಳೆಂದಿತು. ಅವನೂ ನಕ್ಕ, ಪಾಪ. ಆದರೆ ಪಕ್ಕದ ಖಾಲಿ ಜಾಗವನ್ನು ಕೈಯಿಂದ ಸವರುತ್ತಿದ್ದ. ಅವಳ ಜೊತೆ ಕೂರಲೆಂದೇ ಬಂದಿದ್ದ ಮನುಷ್ಯ. ಅವಳು ಶಾಲು ಹೊದ್ದು ಹೊರಟಾಗ ಅವನು ಕೇಳಿದ: "ಟೀಚರಮ್ಮ, ಎರಡನೇ ಕ್ಲಾಸಿಗೆ ಹೋಗೋಕೆ ಎಷ್ಟು ದಿನ ಹಿಡಿಯುತ್ತೆ?"

ಒಬ್ದುಲಿಯಾ ಬಾಗಿಲಲ್ಲೇ ನಿಂತು, ತಿರುಗದೆ ಕಾದಳು.

"ಅವಳಿಗೆ ಎಷ್ಟು ವರ್ಷ ಹಿಡೀತೋ ಅಷ್ಟೇ," ಎಂದೆ. "ಪುಸ್ತಕ ತೆಗೀರಿ."